ಬೀರುವಿನೊಳಗಿನ ಸೂಜಿಮದ್ದು

೧೪-೯-೧೯೭೪, ಶನಿವಾರ
ಸಿರಿಂಜು ಕುದಿಸಿದ್ದಾಯಿತು. ಎರಡು ಡ್ರೆಸ್ಸಿಂಗ್, ಒಬ್ಬಳು ಬಾಣಂತಿ. ಡಾಕ್ಟರ್ ಕಸ್ತೂರಿರಂಗ ಬರುವುದು ಮಂಗಳವಾರ, ಶುಕ್ರವಾರ ಮಾತ್ರ.

ಸಂಜೆ ನಾಲ್ಕು
ಕೆಂಪಸಿದ್ದಯ್ಯನನ್ನು ಗಾಡಿಯಲ್ಲಿ ತಂದರು. ಗದ್ದೆಗೆ ಹುಳದ ಔಷಧಿ ಹೊಡೆಯುವಾಗ ಪಂಪು ಸೋರಿ ಬೆನ್ನೆಲ್ಲ ಒದ್ದೆ. ಬಾಯಲ್ಲಿ ನೊರೆ. ಕಣ್ಣಿನ ಪಾಪೆ ಸಾಸಿವೆಯಷ್ಟು. ಈ ವಿಷಕ್ಕಿರುವ ಮದ್ದು ಅಟ್ರೋಪಿನ್; ಟ್ರೇಯಲ್ಲಿದ್ದ ಎರಡು ಸೂಜಿ ಕೊಟ್ಟೆ. ಉಸಿರು ಸಲೀಸಾಯಿತು. ಸ್ವಲ್ಪ ಹೊತ್ತು. ಮತ್ತೆ ನೊರೆ.
ಇನ್ನೂ ಐವತ್ತು ಬೀರುವಿನಲ್ಲಿವೆ. ಬೀಗದ ಕೈ ಮಳವಳ್ಳಿಯಲ್ಲಿ, ಡಾಕ್ಟರ ಹತ್ತಿರ. ಅವರು ಹೇಳದೆ ಎರಡಕ್ಕಿಂತ ಹೆಚ್ಚು ಕೊಡಕೂಡದು — ರೂಲ್ಸು.
ಅವನ ಹೆಂಡತಿ ಮರಿತಾಯಮ್ಮ. “ಇನ್ನೊಂದು ಸೂಜಿ ಆಕಿ ನರ್ಸಮ್ಮ.”
“ಒಳಗಿದೆ. ಬೀಗ ಹಾಕಿದೆ.”
ಲಾರಿ ನಿಲ್ಲಿಸಿ ಮಂಡ್ಯಕ್ಕೆ ಕಳಿಸಿದೆ.

೧೫-೯
ಜೀವ ಮದ್ದೂರು ದಾಟಲಿಲ್ಲವಂತೆ.
ರಿಜಿಸ್ಟರ್ ಬರೆದೆ. ಊಟ ಮಾಡಿದೆ.

೯-೧೦
ಮಂಡ್ಯ, ಹೆಲ್ತ್ ಆಫೀಸು. ಅಟ್ರೋಪಿನ್ನಿಗೆ ಬೀಗ ಬೇಡ, ನರ್ಸೇ ಕೊಡುವಂತಾಗಲಿ ಎಂದು ಅರ್ಜಿ ಹಿಡಿದು ಹೋದೆ. ಬರುತ್ತೇನೆಂದು ಮರಿತಾಯಮ್ಮನೂ ಬಸ್ಸು ಹತ್ತಿದಳು.
“ನರ್ಸುಗಳ ಕೈಗೆ ಕೊಟ್ಟು ಹೆಚ್ಚುಕಮ್ಮಿ ಆದ್ರೆ ಯಾರಮ್ಮ ಜವಾಬ್ದಾರಿ?” ಎಂದರು ಆಫೀಸರು.
ಮರಿತಾಯಮ್ಮ ಕೇಳಿದಳು — “ಈಗ ಆಗಿರೋದ್ಕೆ ಯಾರು ಸ್ವಾಮಿ?”
ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಅರ್ಜಿ ಬಿಟ್ಟುಹೋಗಿ ಎಂದರು.

೨೦-೧೧
ಆರ್ಡರ್ ಬಂತು. ಎಲ್ಲ ಹೆಲ್ತ್ ಯೂನಿಟ್ಟಿಗೂ ಅಟ್ರೋಪಿನ್. ಬೀಗ ಹಾಕಬಾರದು. ಡಾಕ್ಟರಿಲ್ಲದಾಗ ನರ್ಸೇ ಕೊಡಬಹುದು.
ಖುಷಿಯಾಗಬೇಕಿತ್ತು. ಬೆಡ್‌ಶೀಟು ಒಗೆಯಲು ಹಾಕಿದೆ.

೪-೧೨
ಚಿಕ್ಕಬೋರಮ್ಮ, ಕೂಲಿಯವಳು. ಅದೇ ಔಷಧಿ, ಅದೇ ನೊರೆ. ಹತ್ತು ಹತ್ತು ನಿಮಿಷಕ್ಕೆ ಸೂಜಿ. ಮದ್ದಿನ ಗಾಜಿನ ಕೊಳವೆ ಮುರಿದು ಮುರಿದು ಬೆರಳು ಕೊಯ್ದಿದೆ, ಆಮೇಲೆ ನೋಡಿಕೊಂಡೆ. ಮೂವತ್ತೆಂಟು ಹಿಡಿಯಿತು. ಸಂಜೆ ಕಣ್ಣು ಬಿಟ್ಟು, “ಬಾಯಿ ಒಣಗ್ತದೆ, ನೀರು ಕೊಡವ್ವ” ಎಂದಳು. ಬಾಯಿ ಒಣಗಿದರೆ ಮದ್ದು ಹಿಡಿಯಿತೆಂದೇ ಲೆಕ್ಕ. ಬದುಕಿದಳು.
ಅಳು ಬರಬಹುದೆಂದು ಕಾದೆ. ಬರಲಿಲ್ಲ.

೭-೧೨, ಮಧ್ಯಾಹ್ನ
ಸುದ್ದಿ ಕೇಳಿ ಮರಿತಾಯಮ್ಮ ಬಂದಳು. ಬೆಂಚಿನ ಮೇಲೆ ಕೂತಳು. ಕೇಳಿದಳು —
“ಅವತ್ತು ಬೀಗ ಒಡೀಬೋದಿತ್ತಾ?”
“ಒಡೀಬಹುದಿತ್ತು. ಸುತ್ತಿಗೆ ಇಲ್ಲೇ ಇತ್ತು. ಕೆಲಸ ಹೋಗುತ್ತೆ ಅಂತ ಹೆದರಿದೆ.”
ಬೈಯಲಿಲ್ಲ. “ನಾನೂ ಬೀರು ನೋಡ್ತಾನೇ ನಿಂತಿದ್ದೆ ಕಣವ್ವ. ನಂಗೂ ಒಡೆಯೋದು ಒಳೀಲಿಲ್ಲ.”
ಇನ್ನೂ ಎದ್ದಿಲ್ಲ. ನಾನು ಬರೆಯುತ್ತಿದ್ದೇನೆ. “ಏನ್ ಬರೀತಿದ್ದೀರಿ?” ಎನ್ನುತ್ತಿದ್ದಾಳೆ. ಇವಳಿಗೆ ಓದು ಬಾರದು. ನಾನೇ ಓದಿ ಹೇಳಬೇಕು. ಸೆಪ್ಟೆಂಬರಿನಿಂದ —