ಮಳೇಲಿ ನೆನೆಯದ ಶೂ

ರೀ,

ನಾನು ಡ್ಯೂಟಿಗೆ ಹೊರಟೆ. ಎದ್ದ ತಕ್ಷಣ ವಾಕಿಂಗ್ ಹೋಗಿ. ಮಳೆ, ಚಳಿ ಅಂತ ಮುಸುಕು ಹಾಕ್ಕೊಂಡು ಮಲಗಿದ್ರೆ ಶುಗರ್ ಇಳಿಯಲ್ಲ.

ಎರಡು ಬ್ರೆಡ್ ಕವರ್ ಒಣಗಿಸಿ ಶೂ ಪಕ್ಕ ಇಟ್ಟಿದ್ದೀನಿ. ಸಾಕ್ಸ್ ಮೇಲೆ ಅದನ್ನ ಹಾಕ್ಕೊಂಡು, ಆಮೇಲೆ ಶೂ ಹಾಕ್ಕೊಳ್ಳಿ. ಕಾಲು ನೆನೆಯಲ್ಲ. ಕವರ್ ಜಾರುತ್ತೆ ಅಂತ ರಬ್ಬರ್ ಬ್ಯಾಂಡ್ ಬಿಗೀಬೇಡಿ, ಪಾದ ಜೋಪಾನ ಅಂದಿದ್ದಾರೆ ಡಾಕ್ಟ್ರು.

ನಿನ್ನೆ ಅಷ್ಟು ಮಳೇಲಿ ದೊಮ್ಮಲೂರು ಫ್ಲೈಓವರ್‌ವರೆಗೂ ಹೋಗ್ಬಂದೆ ಅಂದ್ರಿ. ಶೂ ಅಡಿ ಕೂಡ ನೆಂದಿರಲಿಲ್ಲ. ಮೀಸೇಲಿ ಕೇಸರಿಬಾತ್ ಅಂಟಿತ್ತು.

ಇವತ್ತು ಬಂದವಳೇ ಶೂ ನೋಡ್ತೀನಿ. ಬಚ್ಚಲಲ್ಲಿ ನಲ್ಲಿ ಕೆಳಗೆ ಹಿಡಿದು ನೆನೆಸಿಡೋ ಐಡಿಯಾ ಇದ್ರೆ ಬಿಟ್ಬಿಡಿ. ದೊಮ್ಮಲೂರು ರೋಡಲ್ಲಿ ಕೆಸರಿರುತ್ತೆ, ನಮ್ಮನೆ ನಲ್ಲೀಲಿ ಕೆಸರು ಬರಲ್ಲ.

ಹಂಸ