ನಾ ಒಬ್ಬಾಕಿನ ರೀ

ಅವ್ವಾ,

ನೀನು ತೀರಿಕೊಂಡು ವರ್ಷವಾಯಿತು. ಈ ಪತ್ರ ಹಾಕಲು ವಿಳಾಸವಿಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ನನಗೀಗ ಮೂರು ತಿಂಗಳು. ವಿಜಯಪುರದ ಆಸ್ಪತ್ರೆಗೆ ಹೋಗಿದ್ದೆ. ನೀನು ಹೋದಾಗಿನಿಂದ ತಮ್ಮ ಮುತ್ತು ನಮ್ಮ ಮನೆಯಲ್ಲೇ ಇದ್ದಾನೆ. ಒಬ್ಬನನ್ನೇ ಬಿಡಲಾಗದೆ ಕರೆದೊಯ್ದು, ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ.

"ಅಣ್ಣತಮ್ಮರು, ಅಕ್ಕತಂಗೇರು ಎಷ್ಟ ಮಂದಿರಿ?" ಡಾಕ್ಟರಮ್ಮ ಕೇಳಿದರು.

"ನಾ ಒಬ್ಬಾಕಿನ ರೀ."

ಎಷ್ಟು ಚೆನ್ನಾಗಿ ಕಲಿಸಿದ್ದೀ ನೋಡು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ ಮುತ್ತುವನ್ನು ಒಣದ್ರಾಕ್ಷಿ ಶೆಡ್ಡಿಗೆ ಕಳಿಸಿ, ನೀನು ನನ್ನಿಂದ ಇದನ್ನೇ ಹೇಳಿಸುತ್ತಿದ್ದಿ.

ಅವರು ಹಾಗೆಯೇ ಬರೆದುಕೊಂಡರು. "ಕೂಸಿಗೆ ಡೌನ್ ಸಿಂಡ್ರೋಮ್ ಐತೇನು ಅಂತ ರಕ್ತದಾಗ ಅಂದಾಜು ತಿಳೀತೈತ್ರಿ. ಖಾತ್ರಿ ಬೇಕಂದ್ರ ಆಮ್ಯಾಲ ಸೂಜಿ ಹಾಕಿ ಗರ್ಭದ ನೀರು ತಗೀಬೇಕು. ಎಲ್ಲೀತನಕಾ ಹೋಗೋದು, ನೀವ ಹೇಳ್ರಿ."

ಅಷ್ಟರಲ್ಲಿ ಮುತ್ತು ನನ್ನ ಚೀಲ ಹಿಡಿದು ಬಾಗಿಲು ತಳ್ಳಿದ. "ಅಕ್ಕಾ, ಬಸ್ಸು ಹೋಗತೈತಿ."

ಡಾಕ್ಟರಮ್ಮ ಅವನ ಚಪ್ಪಟೆ ಮುಖ, ಮೇಲಕ್ಕೆ ಓರೆಯಾದ ಸಣ್ಣ ಕಣ್ಣು ನೋಡಿದರು, ಆಮೇಲೆ ನನ್ನ ಮುಖ. ಒಬ್ಬಾಕಿ ಎಂದು ಬರೆದದ್ದನ್ನು ಹೊಡೆದುಹಾಕಿದರು. "ಇವತ್ತ ರಕ್ತ ಅಷ್ಟ ಕೊಡ್ರಿ. ಉಳಿದದ್ದು ವಿಚಾರ ಮಾಡಿ ಬರ್ರಿ."

ಊರಿಗೆ ಮರಳುವ ತಿಕೋಟಾ ಬಸ್ಸಿನಲ್ಲಿ ಮುತ್ತು ನನ್ನ ತೋಳಿನ ಹತ್ತಿ ಮುಟ್ಟಿ ಕೇಳಿದ: "ಅಕ್ಕಾ, ರಕ್ತದಾಗ ಏನ್ ಹುಡುಕತಾರ?"

ನಾನು ಸೆರಗೆಳೆದು ಹತ್ತಿ ಮುಚ್ಚಿಕೊಂಡೆ. ಬಂದವರು ಹೋಗಲಿ ಎಂದು ಶೆಡ್ಡಿನಲ್ಲಿ ಕಾಯುತ್ತಿದ್ದನಲ್ಲ, ಹಾಗೆಯೇ ನನ್ನ ಉತ್ತರಕ್ಕೆ ಕಾದ. ತಿಕೋಟಾ ಬಂದರೂ ಕಾಯುತ್ತಲೇ ಇದ್ದ.