ಗೋಡೆಯ ಮೇಲಿನ ನಿಮ್ಮ ಹಲ್ಲುಗಳ ಕುರಿತು

ನಗರ ಉದ್ಯಾನ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಮುಂಗೋಣೆಯಲ್ಲಿ, ಬಾಗಿಲಿನಷ್ಟು ಎತ್ತರದ ಹಲಗೆಯ ಮೇಲೆ, ಬೀಜಗಳನ್ನು ಅಂಟಿಸಿ ಮಾಡಿದ ನಿಮ್ಮ ಭಾವಚಿತ್ರವಿದೆ. ಅದರಲ್ಲಿ ನೀವು ಬಾಯ್ತುಂಬ ನಗುತ್ತಿದ್ದೀರಿ. ಆ ಬಾಯಲ್ಲಿರುವ ಹಲ್ಲುಗಳು ನನ್ನ ಅಕ್ಕನ ಬೀನ್ಸ್ ಕಾಳುಗಳು. ಅವನ್ನು ಹಿಂದಕ್ಕೆ ಕೊಡಿ ಎಂದು ಕೇಳಲು ಈ ಪತ್ರ. ಖಾಸಗಿಯಾಗಿ ಎರಡು ಸಲ ಕೇಳಲು ಬಂದಿದ್ದೆ. ಮೊದಲ ಸಲ ನೀವು ಸಭೆಯಲ್ಲಿದ್ದಿರಿ, ಎರಡನೆಯ ಸಲವೂ ಅದೇ ಸಭೆಯಲ್ಲಿದ್ದಿರಿ. ಹಾಗಾಗಿ ಈಗ ಊರಿನೆದುರೇ ಕೇಳುತ್ತಿದ್ದೇನೆ.

ನಿಮ್ಮ 'ಸಮುದಾಯ ಬೀಜ ಕೇಂದ್ರ' ಹುಟ್ಟುವ ಎಷ್ಟೋ ವರ್ಷ ಮೊದಲೇ ನಮ್ಮ ಬೀದಿಯಲ್ಲಿ ಒಂದು ಬೀಜ ಕೇಂದ್ರವಿತ್ತು. ಅದಕ್ಕೆ ಫಲಕವಿರಲಿಲ್ಲ, ರಿಬ್ಬನ್ ಕತ್ತರಿಸಿದವರೂ ಇರಲಿಲ್ಲ. ಕತ್ತರಿಗೇನೂ ಕೊರತೆ ಇರಲಿಲ್ಲ, ಏಕೆಂದರೆ ಅದು ಇದ್ದದ್ದು ಹೇರ್ ಕಟಿಂಗ್ ಅಂಗಡಿಯಲ್ಲಿ. ಕನ್ನಡಿಯ ಕೆಳಗಿನ ಮೊದಲ ಡ್ರಾಯರಿನಲ್ಲಿ ಬಾಚಣಿಗೆ, ಬ್ಲೇಡು; ಅದರ ಕೆಳಗಿನ ಎರಡರಲ್ಲಿ ಹಳೆಯ ಮಾತ್ರೆ ಡಬ್ಬಿಗಳು, ಜಾಮಿನ ಬಾಟಲಿಗಳು, ಅವುಗಳ ತುಂಬ ಬೀಜ. ಸರದಿಗೆ ಕಾಯುವವರು ಕಾಗದಕ್ಕೆ ಅಂಟಿ ಒಣಗಿದ ಟೊಮೆಟೊ ಬೀಜ ಬಿಡಿಸುತ್ತ ಕೂರುತ್ತಿದ್ದರು. ಬೇಕಾದವರು ಒಯ್ಯುವುದು, ಬೆಳೆದ ಮೇಲೆ ಒಂದು ಹಿಡಿ ತಂದು ಹಾಕುವುದು, ಇಷ್ಟೇ ಕಾಯಿದೆ. ಒಯ್ದು ಮರೆತವರಿಗೆ ದಂಡವೂ ಇರಲಿಲ್ಲ. ಮುಂದಿನ ಸಲ ಅಂಗಡಿಯವರು ಅವರ ಕುತ್ತಿಗೆಯ ಹಿಂದೆ ಕತ್ತಿ ಇಟ್ಟುಕೊಂಡು, ಬದನೆ ಹೇಗೆ ಬಂತು ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಯಾರೂ ಹೆಚ್ಚು ದಿನ ಮರೆಯುತ್ತಿರಲಿಲ್ಲ.

ಇನ್ನು ಅಕ್ಕನ ಬೀನ್ಸ್. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದ ಅಕ್ಕ ನೆಲಮಹಡಿಯ ಹಿಂಭಾಗದಲ್ಲಿದ್ದಾಳೆ. ನಾನು ಅವಳ ನೆತ್ತಿಯ ಮೇಲೆ, ಎರಡನೆಯ ಮಹಡಿಯಲ್ಲಿ. ಅವಳ ತೋಟವೆಂದರೆ ಎರಡು ಕಟ್ಟಡಗಳ ನಡುವಿನ ಸಂದಿ. ಅಲ್ಲಿಗೆ ಬಿಸಿಲು, ಮೀಟರ್ ನೋಡಲು ಬಂದವರ ಹಾಗೆ, ಮಧ್ಯಾಹ್ನ ಇಣುಕಿ ಹೋಗುತ್ತದೆ. ಬೀಜದಂಗಡಿಯ ಪ್ಯಾಕೆಟ್ಟಿನಿಂದ ಬಿತ್ತಿದ್ದೆಲ್ಲ ದಾರದಂತೆ ಎದ್ದು ಮಲಗುತ್ತಿತ್ತು. ಒಂದು ವರ್ಷ ಒಂದೇ ಒಂದು ಬಳ್ಳಿ ಎರಡು ಕಾಯಿ ಬಿಟ್ಟಿತು. ಅಕ್ಕ ಅದನ್ನು ಬೇಯಿಸಲಿಲ್ಲ, ಬೀಜಕ್ಕೆ ಬಿಟ್ಟಳು. ಅಲ್ಲಿಂದ ಪ್ರತಿ ವರ್ಷ, ನೆರಳಲ್ಲಿ ಕಾಯಿ ಬಿಟ್ಟ ಬಳ್ಳಿಯದನ್ನೇ ಆರಿಸಿ ಆರಿಸಿ ಬಿತ್ತಿದಳು. ಕಡೆಗೆ ಅದು ನೀರಿನ ಪೈಪು ಹತ್ತಿ ನನ್ನ ಅಡುಗೆಮನೆಯ ಕಿಟಕಿಗೆ ಬಂತು. ಮೇಲೆ ನಾನು ಕೊಯ್ದರೆ ಕೆಳಗಿನಿಂದ ಅವಳು, ಬೀಜಕ್ಕೆ ಬಿಟ್ಟ ಕಾಯಿಗೆ ಕೈ ಹಾಕಿದರೆ ಜೋಕೆ ಎಂದು ಗದರುತ್ತಿದ್ದಳು. ದಪ್ಪನೆಯ, ಹಾಲುಬಿಳಿ ಕಾಳು. ಅಂಗಡಿಯ ಡ್ರಾಯರಿನ ಮೂಲಕ ಬಿಸಿಲಿಲ್ಲದ ಮನೆಗಳಿಗೆಲ್ಲ ಹೋಯಿತು, 'ನೆರಳಿನ ಬೀನ್ಸ್' ಎಂಬ ಹೆಸರೂ ಬಂತು. ಇಷ್ಟೊಂದು ಯಾಕೆ ಹಂಚುತ್ತೀಯ, ನಿನಗೂ ಇಟ್ಟುಕೋ ಎಂದು ನಾನೊಮ್ಮೆ ಗೊಣಗಿದ್ದೆ.

"ನನ್ನ ಹತ್ರ ಸತ್ತುಹೋದ್ರೆ ಬೇರೆಯೋರ ಹತ್ರ ಇರತ್ತಲ್ಲ. ಅದಕ್ಕೇ ಕೊಡೋದು, ನಾನೇನು ಧರ್ಮಾತ್ಮಳಲ್ಲ" ಎಂದಿದ್ದಳು.

ಆಮೇಲೆ ನೀವು ಬಂದಿರಿ. ಖುದ್ದು ಅಲ್ಲ, ನಿಮ್ಮ ಧ್ವನಿವರ್ಧಕ ಬಂತು. ಕ್ಷೌರದಂಗಡಿಯಲ್ಲಿ ಬೀಜ ಇಡುವುದು ಅವೈಜ್ಞಾನಿಕ, ಕೂದಲು ಬೀಳುತ್ತದೆ, ರೋಗ ಹರಡುತ್ತದೆ. ಎಲ್ಲರೂ ತಮ್ಮಲ್ಲಿರುವ ಬೀಜಗಳನ್ನು ಇಲಾಖೆಗೆ ಒಪ್ಪಿಸಿದರೆ ಹವಾನಿಯಂತ್ರಿತ ಕೇಂದ್ರದಲ್ಲಿ ಕಾಪಾಡಿ, ಕೇಳಿದಾಗ ಕೊಡಲಾಗುವುದು. ನಾವು ನಂಬಿದೆವು. ಡ್ರಾಯರ್‌ಗಳು ಖಾಲಿಯಾದವು, ಮನೆಮನೆಯ ಡಬ್ಬಿಗಳೂ ಖಾಲಿಯಾದವು. ಬದಲಿಗೆ ನೀವು ಹಂಚಿದ ಬಣ್ಣದ ಪ್ಯಾಕೆಟ್ಟುಗಳನ್ನು ಬೀದಿಯವರು ಬಿತ್ತಿದರು. ಅಕ್ಕ ಆ ವರ್ಷದ ಬಿತ್ತನೆಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಇಡೀ ಬಾಟಲಿ ಕೊಟ್ಟಳು. ಬಳ್ಳಿ ಹೂ ಬಿಡುವ ಹೊತ್ತಿಗೆ ಪೈಪು ಬದಲಿಸಲು ಬಂದವರು ಅದನ್ನು ಬುಡಸಮೇತ ಕಿತ್ತು ಎಸೆದರು. ಅದು ನಿಮ್ಮ ಪಕ್ಕದ ಇಲಾಖೆ, ಆ ಪಾಪವನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಅಕ್ಕ ಕೂಡ ಹೆಚ್ಚು ಕೊರಗಲಿಲ್ಲ. ಕೇಂದ್ರದಲ್ಲಿ ಇದೆಯಲ್ಲ, ಹೋಗಿ ಒಂದು ಹಿಡಿ ತಾ ಎಂದು ನನ್ನನ್ನು ಕಳಿಸಿದಳು.

ಬಂದೆ. ನಿಮ್ಮ ಕಚೇರಿಯ ಮುಂಗೋಣೆಯೇ ಆ ಕೇಂದ್ರ. ಗಾಜಿನ ಕಪಾಟುಗಳು ಥಳಥಳ ಹೊಳೆಯುತ್ತಿದ್ದವು, ಒಳಗೆ ಏನೂ ಇರಲಿಲ್ಲ. ಇದ್ದದ್ದೆಲ್ಲ ಗೋಡೆಯ ಮೇಲಿತ್ತು. ಈರುಳ್ಳಿ ಬೀಜದ ಕೂದಲು, ಕುಂಬಳದ ಬೀಜದ ಕೆನ್ನೆ, ಮೂಲಂಗಿ ಬೀಜದ ಹುಬ್ಬು, ಮೇಲೆ ಗಟ್ಟಿ ವಾರ್ನಿಷ್, ಅದರ ಮೇಲೆ ಬಿಸಿ ಕಾರುವ ದೊಡ್ಡ ದೀಪ, ತಲೆಯ ಸುತ್ತ 'ಬೀಜವೇ ಬದುಕು' ಎಂಬ ಘೋಷಣೆ. ಜೀವಮಾನವಿಡೀ ಮಕ್ಕಳಿಗೆ ಚಿತ್ರಕಲೆ ಕಲಿಸಿದವಳು ನಾನು. ಮೂಗು ಎಡಕ್ಕೆ ಸೊಟ್ಟಗಿದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉದ್ಘಾಟನೆಗೆ ನಿಮಗೆ ಅಚ್ಚರಿಯ ಉಡುಗೊರೆಯೆಂದು ಸಿಬ್ಬಂದಿ ಮಾಡಿಸಿದ್ದಂತೆ. ಉಳಿದ ಬೀಜ ಎಲ್ಲಿ ಎಂದು ಗುಮಾಸ್ತರನ್ನು ಕೇಳಿದೆ. ಇರುವೆ ಬರುತ್ತದೆಂದು ಗುಡಿಸಿ ಹಾಕಿದೆವು ಎಂದರು. ನನ್ನ ಮುಖ ನೋಡಿ ಅವರಿಗೆ ಕನಿಕರ ಹುಟ್ಟಿರಬೇಕು.

"ಬೀನ್ಸ್ ತಾನೇ ಮೇಡಂ, ಅಂಗಡೀಲಿ ಸಿಗಲ್ವಾ?"

ಅಲ್ಲ ಸ್ವಾಮೀ, ಪರದೆ ಸರಿಸಿದ ಆ ಕ್ಷಣ ನೀವು ಏನು ಮಾಡಿದಿರಿ? ಚಪ್ಪಾಳೆ ತಟ್ಟಿದಿರಾ? ಕಾಪಾಡಿ ಇಡಿ ಎಂದು ಜನ ನಂಬಿ ಕೊಟ್ಟದ್ದನ್ನು ಅಂಟು ಹಚ್ಚಿ ನಿಮ್ಮ ಮುಖ ಮಾಡಿದ್ದಾರೆಂದು ಒಮ್ಮೆಯಾದರೂ ಹೊಳೆಯಲಿಲ್ಲವೇ? ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಕೇಳಿದ್ದೆ. ಬೇಲಿ ಹೊಲವನ್ನು ಮುಖಕ್ಕೆ ಬಳಿದುಕೊಂಡದ್ದನ್ನು ನಿಮ್ಮಲ್ಲೇ ಕಂಡೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ನಿಮ್ಮ ಮಟ್ಟಿಗೆ ಸುಳ್ಳಾಯಿತು. ನನಗೆ ಕೋಪಕ್ಕಿಂತ ಹೇಸಿಗೆಯೇ ಹೆಚ್ಚಾಯಿತು. ಕಳ್ಳ ಕದ್ದರೆ ಅವನಿಗೆ ಆ ವಸ್ತು ಬೇಕಾಗಿತ್ತು ಎಂದಾದರೂ ಅಂದುಕೊಳ್ಳಬಹುದು. ನಿಮಗೆ ಅದು ಬೇಕಾಗಿಯೂ ಇರಲಿಲ್ಲ.

ಮನೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಖಾಲಿ ಪೈಪಿನ ಕಡೆ ನೋಡಿದಳು.

"ತಿಂದಿದ್ರೂ ಬೇಜಾರಿರ್ಲಿಲ್ಲ ಕಣೇ" ಎಂದಳು. "ಯಾರದೋ ಹೊಟ್ಟೆ ತುಂಬ್ತು ಅಂದ್ಕೋತಿದ್ದೆ."

ನನ್ನ ಅಕ್ಕ ಯಾರೆದುರೂ ಅತ್ತವಳಲ್ಲ. ಅಂದು ಒಲೆಯ ಕಡೆ ತಿರುಗಿಕೊಂಡಳು. ಎರಡನೆಯ ಸಲ ನಾನು ನಿಮ್ಮ ಕಚೇರಿಗೆ ಬಂದದ್ದು ಅದರ ಮರುದಿನ. ನೀವು ಸಭೆಯಲ್ಲಿದ್ದಿರಿ, ಗುಮಾಸ್ತರು ಚಹಾಕ್ಕೆ ಹೋಗಿದ್ದರು, ನನ್ನ ಚೀಲದಲ್ಲಿ ಬಣ್ಣ ಕೆರೆಯುವ ಚಾಕು ಇತ್ತು. ಮುಂದಿನ ಹಲ್ಲಿಗೆ ಕೈ ಹಾಕಲು ಧೈರ್ಯ ಸಾಲಲಿಲ್ಲ, ಬಲಗಡೆಯ ದವಡೆ ಹಲ್ಲೊಂದನ್ನು ಎಬ್ಬಿಸಿಕೊಂಡೆ. ಇಂದಿಗೂ ಯಾರೂ ಗಮನಿಸಿಲ್ಲ. ನಿಮ್ಮ ಮುಖವನ್ನು ನಿಮ್ಮ ಕಚೇರಿಯಲ್ಲಿ ಯಾರೂ ಸರಿಯಾಗಿ ನೋಡುವುದಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.

ಅಕ್ಕ ಆ ಕಾಳಿನ ವಾರ್ನಿಷ್ಷನ್ನು ಉಗುರಲ್ಲಿ ಕೆರೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಿಡಿ ಮುರಿದ ಕಪ್ಪಿನಲ್ಲಿ ಒಲೆಯ ಪಕ್ಕ ಇಟ್ಟಳು. ದಿನವೂ ಬಿಚ್ಚಿ ನೋಡಿದಳು. ಅದು ಮೊಳೆತಿದೆ. ಈಗ ಮಣ್ಣಿನಲ್ಲಿದೆ, ಒಂದು ಕಡೆಗೆ ವಾಲಿದೆ, ಒಂದು ಎಲೆಯ ತುದಿ ಸುಟ್ಟಂತಿದೆ, ಆದರೆ ಮೊಳೆತಿದೆ. ಅಂದರೆ ನಿಮ್ಮ ಬಾಯಲ್ಲಿ ಉಳಿದವೂ ಜೀವಂತ ಇರಬಹುದು, ಆ ದೀಪ ದಿನವೂ ಅವನ್ನು ಬೇಯಿಸುತ್ತಿದೆ. ಒಂದೇ ಸಸಿಯನ್ನು ನಂಬಿ ಕೂರಲಾಗದು. ಒಂದು ಬಸವನಹುಳು ಸಾಕು, ಅಕ್ಕನ ಅಷ್ಟೂ ವರ್ಷಗಳನ್ನು ಒಂದು ರಾತ್ರಿಯಲ್ಲಿ ಮುಗಿಸಲು.

ಆದ್ದರಿಂದ ಕೇಳುತ್ತಿದ್ದೇನೆ. ಈ ಪತ್ರ ಓದಿದ ಕೂಡಲೇ ಎದ್ದು ಹೋಗಿ ಆ ದೀಪ ಆರಿಸಿ. ಸಮಿತಿ ಬೇಡ, ತನಿಖೆ ಬೇಡ, ನಿಮ್ಮ ವಿಷಾದವಂತೂ ಬೇಡವೇ ಬೇಡ. ಹಲಗೆಯನ್ನು ಇಳಿಸಿ, ನಮ್ಮ ಬೀದಿಗೆ ಹೊರಿಸಿ ತಂದು ಹೇರ್ ಕಟಿಂಗ್ ಅಂಗಡಿಯ ಮುಂದೆ ಮಲಗಿಸಿ. ಕೂದಲು ಕೊಟ್ಟವರು ಕೂದಲನ್ನು, ಹುಬ್ಬು ಕೊಟ್ಟವರು ಹುಬ್ಬನ್ನು ಬಿಡಿಸಿಕೊಳ್ಳುತ್ತಾರೆ. ಡ್ರಾಯರ್‌ಗಳನ್ನು ಅಂಗಡಿಯವರು ಒರೆಸಿ ಇಟ್ಟಿದ್ದಾರೆ. ಬಿತ್ತನೆಯ ಕಾಲ ಮುಗಿಯಲು ಇನ್ನು ಸ್ವಲ್ಪವೇ ದಿನವಿದೆ. ಅಷ್ಟರೊಳಗೆ ನೀವು ಬರದಿದ್ದರೆ ನಾನು ಬರುತ್ತೇನೆ, ಅಕ್ಕನನ್ನೂ ಕರೆತರುತ್ತೇನೆ, ಈ ಸಲ ಮುಂದಿನ ಹಲ್ಲಿನಿಂದಲೇ ಶುರುಮಾಡುತ್ತೇವೆ.

ಇಂತಿ,
ಸದ್ಯಕ್ಕೆ ಒಂದೇ ಹಲ್ಲು ಕಿತ್ತಿರುವ,
ನೆರಳಿನ ಮನೆಯ ತಂಗಿ